ಬಾಲಕಿಯರೇ ಮೇಲುಗೈ ಅಂತಾರೆ, ತಾಂಡಾದ ಹುಡುಗಿ ಎಲ್ಲಿ?

ಪ್ರಶ್ನೆ:
ಬಿ.ಎ. ಸಮಾಜಶಾಸ್ತ್ರ ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗಲೆಲ್ಲ ಪೇಪರಲ್ಲಿ 'ಬಾಲಕಿಯರೇ ಮೇಲುಗೈ' ಅಂತ ಬರುತ್ತೆ, ಅಲ್ವಾ? ಆದರೆ ನಮ್ಮೂರ ಪಕ್ಕದ ಲಂಬಾಣಿ ತಾಂಡಾದಲ್ಲಿ ಎಷ್ಟೋ ಹುಡುಗಿಯರು ಎಂಟನೇ ಕ್ಲಾಸಿಗೇ ಶಾಲೆ ಬಿಡುತ್ತಾರೆ. ಇದನ್ನು ಹೇಗೆ ವಿವರಿಸಿ ಬರೆಯೋದು?

ಉತ್ತರ 1:
ಅದು ಪರೀಕ್ಷೆಗೆ ಕೂತವರ ಲೆಕ್ಕ ಮಾತ್ರ. ನಡುವೆ ಬಿಟ್ಟವರು ಅದರಲ್ಲಿ ಇರೋದೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಕೊಡೋ ಉಚಿತ, ಕಡ್ಡಾಯ ಶಿಕ್ಷಣ ಕೂಡ 14 ವರ್ಷಕ್ಕೇ ನಿಲ್ಲುತ್ತೆ.

ಉತ್ತರ 2:
ನಾನು ತಾಂಡಾ ಶಾಲೆಯಲ್ಲಿ ಪಾಠ ಮಾಡಿದವಳು. ಒಂದನೇ ಕ್ಲಾಸಿನ ಮಗುವಿಗೆ 'ನೀರು' ಅಂದರೆ ಸುಮ್ನೆ ನನ್ನ ಮುಖ ನೋಡುತ್ತಿತ್ತು, ಮನೆಯಲ್ಲಿ ಅದು 'ಪಾಣಿ'. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಬೊರ್ದಿಯು ಸಾಂಸ್ಕೃತಿಕ ಬಂಡವಾಳ ಅಂದಿದ್ದು ಇದನ್ನೇ: ಶಾಲೆ ಕೆಲವರ ಮನೆಮಾತನ್ನೇ ಬುದ್ಧಿ ಅಂತ ಅಳೆಯುತ್ತೆ, ಉಳಿದವರನ್ನು ದಡ್ಡರು ಅನ್ನುತ್ತೆ. ಆಮೇಲೆ ದೀಪಾವಳಿ ಕಳೆದರೆ ಕಬ್ಬು ಕಡಿಯೋಕೆ ಮನೆಮಂದಿಯೆಲ್ಲ ಗುಳೆ. ಅಣ್ಣನನ್ನು ಹಾಸ್ಟೆಲ್ಲಿಗೆ ಬಿಡುತ್ತಾರೆ, ತಂಗಿ ಮಾತ್ರ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಗದ್ದೆಗೆ ಹೋಗುತ್ತಾಳೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಜಾತಿ, ಲಿಂಗ ಬೇರೆ ಬೇರೆ ಬರೆಯಬಾರದು ಅಂತೀರಾ ಮೇಡಂ?

ಉತ್ತರ 2:
ಬೇಡಮ್ಮ, ಕೂಡಿಸಿಯೇ ಬರಿ. ಬಡತನವನ್ನೂ ಸೇರಿಸು. 2006-07ರಲ್ಲಿ ಎಂಟನೇ ಕ್ಲಾಸಿಗೆ ಸರ್ಕಾರಿ ಸೈಕಲ್ ಕೊಡೋದು ಶುರುವಾಗಿತ್ತಲ್ಲ, ದೂರದ ಹೈಸ್ಕೂಲಿಗೆ ಹೋಗೋ ಹುಡುಗಿಗೆ ಅದು ದೊಡ್ಡ ಆಸರೆಯಾಗಿತ್ತು. ಆದರೆ ಗುಳೆ ಹೋದ ಹುಡುಗಿಯ ಸೈಕಲ್ ಬೀಗ ಹಾಕಿದ ಮನೆಯೊಳಗೇ ನಿಂತಿರುತ್ತಿತ್ತು.