ರಾಫೆಲ್‌ಗೆ ಹಾಕಿದ ಊಟದ ಮಾತ್ರೆಯೆಲ್ಲ ಆಸ್ಕರ್ ಪಾಲು, ಕೊಳವೆಯ ಸದ್ದನ್ನೇ ಕಲಿತುಬಿಟ್ಟಿದೆ

ರಾತ್ರಿಪಾಳಿ:
450 ಲೀಟರಿನ ಟ್ಯಾಂಕ್. ಹತ್ತು ಇಂಚಿನ ಆಸ್ಕರ್ ಮೀನು ಒಂದು, ಐದು ಇಂಚಿನ ಪಟ್ಟೆ ರಾಫೆಲ್ ಕ್ಯಾಟ್‌ಫಿಶ್ ಒಂದು. ನೀರಿನಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಸೊನ್ನೆ. ಉಷ್ಣಾಂಶ 26 ಡಿಗ್ರಿ. ನೀರು ಬದಲಿಸಿ ಎಂಬ ಸಲಹೆ ದಯವಿಟ್ಟು ಬೇಡ.

ರಾಫೆಲ್ ಸೊರಗುತ್ತಿದೆ. ಹೊಟ್ಟೆ ಒಳಸೇರಿ ತಲೆಯೊಂದೇ ದೊಡ್ಡದಾಗಿ ಕಾಣುತ್ತದೆ. ಹಗಲಿಡೀ ಪಿವಿಸಿ ಪೈಪಿನ ತುಂಡಿನೊಳಗೆ ಅವಿತಿರುತ್ತದೆ. ಅದಕ್ಕೇ ದೀಪ ಆರಿಸಿದ ಮೇಲೆ ಉದ್ದನೆಯ ಕೊಳವೆಯನ್ನು ತಳದವರೆಗೆ ಇಳಿಸಿ, ಮುಳುಗುವ ಮಾತ್ರೆ ಎರಡನ್ನು ಅದರ ಗೂಡಿನ ಬಾಯಿಗೇ ಬಿಡುತ್ತಿದ್ದೆ. ಮೊದಲ ವಾರ ತೊಂದರೆಯಿರಲಿಲ್ಲ. ಮೂರನೆಯ ವಾರದ ಹೊತ್ತಿಗೆ ಕೊಳವೆ ನೀರಿಗೆ ತಾಗಿದ ಸದ್ದಿಗೇ ಆಸ್ಕರ್ ಧಾವಿಸಿ ಬಂದು, ಕೆಳತುದಿಗೆ ಮುಖವಿಟ್ಟು ಕಾಯತೊಡಗಿತು. ಮಾತ್ರೆ ತಳ ಮುಟ್ಟುವುದೇ ಇಲ್ಲ. ಅಗಿದ ಪುಡಿ ಅದರ ಕಿವಿರುಗಳಿಂದ ಹೊಗೆಯಂತೆ ಹೊರಬರುವುದನ್ನು ನೋಡುತ್ತಾ ನಿಲ್ಲುವುದು ನನ್ನ ಕೆಲಸ.

ನಿನ್ನೆ ಮಾತ್ರೆಯನ್ನು ಕಡ್ಡಿಯಿಂದ ಗೂಡಿನೊಳಕ್ಕೆ ಎರಡು ಇಂಚು ತಳ್ಳಿದೆ. ಆಸ್ಕರ್ ಪೈಪಿನ ಬಾಯಿಗೆ ತನ್ನ ಬಾಯಿ ಅಂಟಿಸಿ ಒಮ್ಮೆ ಎಳೆಯಿತು. ಮಾತ್ರೆ ಹೊರಗೆ!

ಆಸ್ಕರನ್ನು ಬೇರೆಯವರಿಗೆ ಕೊಡದೆ ದಾರಿಯುಂಟೇ?

ಕೆಸರುಮೀಸೆ:
ಮೊದಲು ಎರಡು ಪ್ರಶ್ನೆ. ರಾಫೆಲ್‌ಗೆ ಊಟ ಸಿಕ್ಕರೆ ತಿನ್ನುತ್ತದೆಯೇ? ತಿಂದೂ ಸೊರಗುತ್ತಿದ್ದರೆ, ಮಲ ಬಿಳಿ ದಾರದಂತಿದ್ದರೆ, ಹೊಟ್ಟೆಯ ಹುಳುವನ್ನು ಶಂಕಿಸಬೇಕು. ಆಗ ಆಸ್ಕರ್ ನಿರಪರಾಧಿ. ಇನ್ನೊಂದು, ದೀಪ ಆರಿಸಿದ ಮೇಲೆ ಕೋಣೆ ನಿಜವಾಗಿಯೂ ಕತ್ತಲೆಯೇ? ಪರೀಕ್ಷೆಗಾಗಿ ರಾಫೆಲ್ ಅನ್ನು ಬೇರೆ ಮಾಡುವುದಾದರೆ ಬಲೆ ಬೇಡ, ಅದರ ರೆಕ್ಕೆಯ ಮುಳ್ಳು ಸಿಕ್ಕಿಕೊಳ್ಳುತ್ತದೆ. ಡಬ್ಬಿಯಲ್ಲಿ ಹಿಡಿಯಿರಿ.

ರಾತ್ರಿಪಾಳಿ:
ಬೇರೆ ತೊಟ್ಟಿಯಲ್ಲಿ ಮೂರು ದಿನ ಇಟ್ಟೆ. ಗಬಗಬನೆ ತಿಂದಿತು, ಮಲವೂ ಕಪ್ಪಗೆ ಸರಿಯಾಗಿದೆ. ಕತ್ತಲೆಯ ವಿಷಯ... ನೀಲಿ ರಾತ್ರಿದೀಪ ಉರಿಯುತ್ತಿರುತ್ತದೆ. ನೋಡಲು ಚೆಂದವೆಂದು ಬಿಟ್ಟಿದ್ದೆ.

ಕೆಸರುಮೀಸೆ:
ಆ ಚೆಂದವೇ ನಿಮ್ಮ ರಾಫೆಲ್‌ನ ಊಟಕ್ಕೆ ಕಲ್ಲು ಹಾಕಿದೆ. ಆಸ್ಕರ್ ಹಗಲಿನ ಮೀನು, ಕಣ್ಣಿನಿಂದ ಬೇಟೆಯಾಡುತ್ತದೆ. ರಾಫೆಲ್‌ಗೆ ಬೆಳಕು ಬೇಕಿಲ್ಲ. ವಾಸನೆ ಹಿಡಿದು, ಮೀಸೆಯಿಂದಲೇ ರುಚಿ ನೋಡುತ್ತಾ ಊಟ ಹುಡುಕಿಕೊಳ್ಳುತ್ತದೆ. ನೀಲಿ ದೀಪ ತೆಗೆಯಿರಿ, ಕೋಣೆಯ ದೀಪವನ್ನೂ ಆರಿಸಿ, ಒಂದು ಗಂಟೆ ಬಿಟ್ಟು ಮಾತ್ರೆ ಹಾಕಿ. ಕೊಳವೆಯನ್ನಂತೂ ಮುಟ್ಟಲೇಬೇಡಿ, ಅದೀಗ ಆಸ್ಕರನ್ನು ಊಟಕ್ಕೆ ಕರೆಯುವ ಗಂಟೆ. ಮಾತ್ರೆಯನ್ನು ಕೈಯಿಂದಲೇ ಸದ್ದಿಲ್ಲದೆ ಬಿಡಿ.

ಇನ್ನು ಪೈಪಿನಿಂದ ಎಳೆದದ್ದು. ಆಸ್ಕರ್ ಕಚ್ಚಿ ಹಿಡಿಯುವುದಕ್ಕಿಂತ ಹೀರಿ ಹಿಡಿಯುವುದೇ ಹೆಚ್ಚು. ಬಾಯನ್ನು ದಿಢೀರನೆ ಹಿಗ್ಗಿಸಿದಾಗ ಒಳಗಿನ ಒತ್ತಡ ಕುಸಿದು ನೀರು ನುಗ್ಗುತ್ತದೆ, ಅದರೊಡನೆ ಊಟವೂ. ತೆರೆದ ನೀರಿನಲ್ಲಿ ಈ ಸೆಳೆತ ಹೆಚ್ಚುಕಡಿಮೆ ಬಾಯಿಯ ಅಗಲದಷ್ಟು ದೂರ ಹೋಗುವಷ್ಟರಲ್ಲಿ ಸೋತುಹೋಗುತ್ತದೆ. ನಿಮ್ಮ ಪೈಪಿನಲ್ಲಿ ಸೋಲಲು ಜಾಗವೇ ಇಲ್ಲ, ಅದು ಸ್ಟ್ರಾ ಆಗಿದೆ. ಸ್ಟ್ರಾದ ಪಕ್ಕದಲ್ಲಿ ತೂತು ಬಿದ್ದರೆ ಎಷ್ಟು ಹೀರಿದರೂ ಬರೀ ಗಾಳಿ ಬರುತ್ತದಲ್ಲ, ಅದನ್ನೇ ಮಾಡಿ: ಪೈಪಿನ ಎರಡೂ ಬಾಯಿಗಳ ಹತ್ತಿರ ಸುತ್ತಲೂ ತೂತು ಕೊರೆದು, ಮಾತ್ರೆಯನ್ನು ನಡುವಿಗೆ ತಳ್ಳಿ.

ಒಂಟಿಈಜು:
ಇನ್ನೊಂದು ಆಸ್ಕರ್ ತಂದರೆ ಇದರ ಗಮನ ಬೇರೆಡೆ ಹೋಗಬಹುದಲ್ಲವೇ?

ಕೆಸರುಮೀಸೆ:
ಬೇಡವೇ ಬೇಡ. 450 ಲೀಟರಿನಲ್ಲಿ ಎರಡು ಆಸ್ಕರ್ ಇಕ್ಕಟ್ಟು. ಸಾಲದ್ದಕ್ಕೆ ಮೀನುಗಳು ನೋಡಿಯೂ ಕಲಿಯುತ್ತವೆ. ನೀರು ಉಗುಳಿ ಹುಳು ಬೀಳಿಸುವ ಆರ್ಚರ್ ಮೀನುಗಳ ಬಗ್ಗೆ 2006ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಓಡುವ ಗುರಿಗೆ ಒಂದು ಮೀನು ಹೊಡೆಯುವುದನ್ನು ಗುಂಪಿನ ಉಳಿದವು ನೋಡುತ್ತಿದ್ದವು, ಅಷ್ಟೇ. ತಮ್ಮ ಸರದಿ ಬಂದಾಗ ಅವೂ ಚೆನ್ನಾಗಿಯೇ ಗುರಿ ಹೊಡೆದವು. ಕಳ್ಳನಿಗೆ ಶಿಷ್ಯನನ್ನು ತಂದುಕೊಡುವುದೇಕೆ?

ಹಳೇಫಿಲ್ಟರ್:
ಒಂದು ಮಾತು ಸೇರಿಸುತ್ತೇನೆ. ‘ಪಾಪ’ ಎಂದು ನಡುವೆ ಒಂದು ದಿನವೂ ಕೊಳವೆಯ ಬಳಿ ಆಸ್ಕರ್‌ಗೆ ಊಟ ಸಿಗಬಾರದು. ಪ್ರತಿ ಸಲವೂ ಸಿಕ್ಕು ಆಮೇಲೆ ಪೂರ್ತಿ ನಿಂತುಹೋದರೆ ಚಟ ಬೇಗ ಬಿಡುತ್ತದೆ. ಅಪರೂಪಕ್ಕೊಮ್ಮೆ ಸಿಗುತ್ತಿದ್ದರೆ ಬಿಡುವುದು ಬಲು ತಡ. ಮೀನಿನ ನೆನಪು ಮೂರು ಸೆಕೆಂಡು ಎಂದವರು ಆಸ್ಕರ್ ಸಾಕಿರಲಿಕ್ಕಿಲ್ಲ. ನಾನಾಗಿದ್ದರೆ ಖಾಲಿ ಕೊಳವೆಯನ್ನು ಹಗಲು ನಾಲ್ಕಾರು ಸಲ ಇಳಿಸಿ ತೆಗೆಯುತ್ತಿದ್ದೆ.

ಕೆಸರುಮೀಸೆ:
ಮುಟ್ಟಬೇಡಿ ಎಂದ ನನ್ನ ಸಲಹೆಗಿಂತ ಇದು ಮೇಲು.

ರಾತ್ರಿಪಾಳಿ:
ಮೂರು ವಾರದ ವರದಿ. ನೀಲಿ ದೀಪ ತೆಗೆದೆ. ಖಾಲಿ ಕೊಳವೆಯನ್ನು ದಿನಕ್ಕೆ ಐದು ಸಲ ಇಳಿಸಿದೆ. ಮೊದಲೆರಡು ದಿನ ಆಸ್ಕರ್ ಕೊಳವೆಯನ್ನು ಗುದ್ದಿತು, ಒಮ್ಮೆ ನನ್ನ ಮುಖಕ್ಕೆ ನೀರೂ ಎರಚಿತು. ಹತ್ತನೆಯ ದಿನ ಸುಮ್ಮನೆ ತಿರುಗಿ ನೋಡಿತು, ಬರಲಿಲ್ಲ. ತೂತಿನ ಪೈಪಿಗೆ ಬಾಯಿಟ್ಟು ಎಳೆದರೆ ಮಾತ್ರೆ ಅಲುಗುತ್ತದೆ, ಹೊರಬರುವುದಿಲ್ಲ. ರಾಫೆಲ್‌ನ ಹೊಟ್ಟೆ ಸಮತಟ್ಟಾಗಿದೆ. ದುಂಡಗಾಗಲು ಇನ್ನೂ ಬೇಕು.

ಹೊಸ ಬೆಳವಣಿಗೆ: ಈಗ ನನ್ನ ಕುರ್ಚಿ ಎಳೆದ ಸದ್ದಿಗೆ ಆಸ್ಕರ್ ಮುಂದಿನ ಗಾಜಿಗೆ ಬರುತ್ತದೆ. ಇದನ್ನು ಬಿಡಿಸಲು ಹೋಗಿಲ್ಲ. ಸಂಜೆ ಅಲ್ಲೇ ಅದರ ಪೆಲೆಟ್ ಹಾಕಿ ಮುಗಿಸುತ್ತೇನೆ.

ಒಂಟಿಈಜು:
ತೂತು ಎಷ್ಟು ದೊಡ್ಡದು?

ರಾತ್ರಿಪಾಳಿ:
8 ಮಿಲಿಮೀಟರ್, ಪ್ರತಿ ಬಾಯಿಯ ಬಳಿ ಆರು. ಕೊರೆದ ಮೇಲೆ ಅಂಚನ್ನು ಒಳಗೂ ಹೊರಗೂ ಉಜ್ಜುಕಾಗದದಿಂದ ತಿಕ್ಕಿ ನಯ ಮಾಡಿ. ಮೊದಲ ಪೈಪಿನಲ್ಲಿ ಅದನ್ನು ಮರೆತು, ರಾಫೆಲ್‌ನ ಬಾಲ ಗೀರಿತ್ತು.