ಪಿಯುಸಿ ಸೈನ್ಸ್ ಆದ ಮೇಲೆ ವಾಯುಪಡೆಯಲ್ಲಿ ವಿಮಾನ ಟೆಕ್ನಿಷಿಯನ್ ಆಗೋದು ಹೆಂಗ?

ಭಾಲ್ಕಿ_ಓದುಗ ಕೇಳಿದ್ದು:

ನಮಸ್ಕಾರ್ರಿ. ನಮ್ಮ ತಮ್ಮ ಈ ವರ್ಷ ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸ್ಯಾನ, 18 ವರ್ಷ. ಒಟ್ಟು 63%, ಇಂಗ್ಲಿಷ್ 57, ಫಿಜಿಕ್ಸ್ 52, ಮ್ಯಾಥ್ಸ್ 61. ಬೀದರ್ ವಾಯುನೆಲೆಯಿಂದ ಹಾಕ್ ತರಬೇತಿ ವಿಮಾನ ಏರೋದು ನೋಡಿಕೋತ ಬೆಳೆದಾನ. ಹಾರಿಸೋ ಆಸೆ ಇಲ್ಲ, ಅದನ್ನ ಬಿಚ್ಚಿ ಜೋಡಿಸೋ ಕೆಲಸ ಬೇಕಂತಾನ. ಈಗಲೇ ಅಗ್ನಿವೀರ್ ವಾಯುಗೆ (ವಾಯುಪಡೆಯ ನಾಲ್ಕು ವರ್ಷದ ನೇಮಕಾತಿ) ಅರ್ಜಿ ಹಾಕಬೇಕೋ, ಮೊದಲು ಡಿಪ್ಲೊಮಾ ಮುಗಿಸಬೇಕೋ? ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡೋ ನಮ್ಮ 371(ಜೆ) ಸರ್ಟಿಫಿಕೇಟ್ ಇಲ್ಲಿ ನಡೀತದೇನು? ನಾಲ್ಕು ವರ್ಷ ಆದ ಮ್ಯಾಲೆ ಕೈಯಾಗ ಏನು ಉಳೀತದ?

ಸೇಡಂ_ಮಾಸ್ತರ:

ಡಿಪ್ಲೊಮಾ ಮೊದಲು ಅನ್ನೋ ವಿಚಾರ ಬಿಡ್ರಿ. ನಿಮ್ಮ ತಮ್ಮನಿಗೆ ಅರ್ಹತೆ ಆಗಲೇ ಬಂದದ. ಫಿಜಿಕ್ಸ್, ಮ್ಯಾಥ್ಸ್, ಇಂಗ್ಲಿಷ್ ಓದಿ ಒಟ್ಟು 50%, ಇಂಗ್ಲಿಷ್ ಒಂದರಾಗ ಬ್ಯಾರೆ 50% ಇರಬೇಕು, ಎರಡೂ ಅದಾವ. ಲ್ಯಾಟರಲ್ ಎಂಟ್ರಿಯಾಗ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಿದರೂ ಹೊರಗ ಬರೋ ಹೊತ್ತಿಗೆ 20 ಆಗ್ತದ. ಸೇರ್ಪಡೆ ದಿನಕ್ಕೆ 21 ದಾಟಿರಬಾರದು. ಅಂದ್ರ ಮೂರು ವರ್ಷ ಪ್ರಯತ್ನ ಮಾಡೋ ಹುಡುಗನಿಗೆ ಒಂದೋ ಎರಡೋ ಅವಕಾಶ ಅಷ್ಟೇ ಉಳೀತಾವ. ಡಿಪ್ಲೊಮಾ ದಾರಿ ಪಿಯುಸಿ ಓದದವರಿಗೆ ಛಲೋ, ಅದೂ ಅಧಿಸೂಚನೆ ಪಟ್ಟಿಯಲ್ಲಿರೋ ಶಾಖೆ ಆಗಿರಬೇಕು: ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಆಟೊಮೊಬೈಲ್, ಕಂಪ್ಯೂಟರ್ ಸೈನ್ಸ್, ಇನ್‌ಸ್ಟ್ರುಮೆಂಟೇಶನ್, ಐಟಿ. ಸಿವಿಲ್ ಡಿಪ್ಲೊಮಾ ತೊಗೊಂಡು ಬಂದ್ರ ನಡೆಯಲ್ಲ. ಬರೀ ಐಟಿಐ ಮ್ಯಾಲೂ ಆಗಲ್ಲ.

ಪರೀಕ್ಷೆ ಹಿಂಗ: ಸೈನ್ಸ್ ವಿಭಾಗಕ್ಕೆ 60 ನಿಮಿಷದಾಗ 70 ಪ್ರಶ್ನೆ. ಇಂಗ್ಲಿಷ್ 20, ಫಿಜಿಕ್ಸ್ 25, ಮ್ಯಾಥ್ಸ್ 25. ಸರಿ ಇದ್ರ 1 ಅಂಕ, ತಪ್ಪಿದ್ರ 0.25 ಕಳೀತಾರ, ಬಿಟ್ರ ಸೊನ್ನೆ. ಮೂರೂ ವಿಷಯ ಬ್ಯಾರೆ ಬ್ಯಾರೆ ಪಾಸಾಗಬೇಕು. ನಮ್ಮ ಕಡೆ ಹುಡುಗರು ಬೀಳೋದು ಇಲ್ಲೇ. ಮ್ಯಾಥ್ಸ್‌ನ್ಯಾಗ 20 ಹೊಡೆದು ಇಂಗ್ಲಿಷ್‌ನ್ಯಾಗ ಹೋಗ್ತಾರ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತ ಹಿಂದಿಯಾಗಷ್ಟೇ ಇರ್ತದ, ಕನ್ನಡ ಇಲ್ಲ. ಹತ್ತನೇತನಕ ಕನ್ನಡ ಮಾಧ್ಯಮದಾಗ ಓದಿದ ಹುಡುಗ ಫಿಜಿಕ್ಸ್ ಪ್ರಶ್ನೆ ಇಂಗ್ಲಿಷ್‌ನ್ಯಾಗ ಓದಿ ಅರ್ಥ ಮಾಡ್ಕೊಳ್ಳೋದಕ್ಕೇ ಅರ್ಧ ಹೊತ್ತು ಕಳೀತಾನ. ಪ್ರಶ್ನೆಗೆ 51 ಸೆಕೆಂಡ್ ಬರ್ತದ. ಗಡಿಯಾರ ಇಟ್ಕೊಂಡೇ ಅಭ್ಯಾಸ ಮಾಡಿಸ್ರಿ.

ಓಟ 1.6 ಕಿಮೀ, 7 ನಿಮಿಷ. ಆಮ್ಯಾಲೆ ಒಂದೊಂದು ನಿಮಿಷದಾಗ 10 ದಂಡ, 10 ಸಿಟ್‌ಅಪ್, 20 ಬೈಠಕ್. ಸಿಟ್‌ಅಪ್‌ನ್ಯಾಗ ಮೊಣಕಾಲು ಮಡಚಿರಬೇಕು, ಮೈ ಪೂರ್ತಿ ಏಳಬೇಕು, ಅರೆಬರೆ ಎದ್ದದ್ದು ಲೆಕ್ಕಕ್ಕೆ ಹಿಡಿಯಲ್ಲ. ಎತ್ತರ 152 ಸೆಂಮೀ, ಉಸಿರು ತುಂಬಿದಾಗ ಎದೆ ಕನಿಷ್ಠ 5 ಸೆಂಮೀ ಹಿಗ್ಗಬೇಕು. ಬಣ್ಣ ಗುರುತಿಸೋ ದೃಷ್ಟಿ ಈಗಲೇ ಕಣ್ಣಿನ ಡಾಕ್ಟರ್ ಹತ್ರ ತೋರಿಸ್ರಿ. ವಿಮಾನದ ವೈರು, ಪೈಪು, ಎಚ್ಚರಿಕೆ ದೀಪ ಎಲ್ಲಾ ಬಣ್ಣದ ಮ್ಯಾಲೆ ನಡೀತಾವ, ಅಲ್ಲಿ ರಿಯಾಯ್ತಿ ಇಲ್ಲ. ಕಿವಿಯಾಗಿನ ಗುಗ್ಗೆ, ಹುಳುಕು ಹಲ್ಲು ಮೊದಲೇ ಸ್ವಚ್ಛ ಮಾಡಿಸಿದ್ರ ವೈದ್ಯಕೀಯದಾಗ ಒಂದು ಸುತ್ತು ಉಳೀತದ.

371(ಜೆ) ರಾಜ್ಯ ಸರ್ಕಾರದ ನೌಕರಿ, ರಾಜ್ಯದ ಸೀಟುಗಳಿಗೆ ಅಷ್ಟೇ. ಸೇನಾ ನೇಮಕಾತಿಯಾಗ ನಡೆಯಲ್ಲ. ಅದರ ಬದಲು ಹೆಸರು ನೋಡ್ರಿ. ಎಸ್ಸೆಸ್ಸೆಲ್ಸಿ ಕಾರ್ಡಿನ್ಯಾಗ ತಂದೆ ಹೆಸರು ಸೇರಿ ಪೂರ್ತಿ ಇರ್ತದ, ಆಧಾರದಾಗ ಇನಿಶಿಯಲ್ ಇರ್ತದ. ಎಸ್ಸೆಸ್ಸೆಲ್ಸಿ ಕಾರ್ಡಿನಂಗ ಆಧಾರ್ ತಿದ್ದಿಸ್ರಿ, ಅರ್ಜಿ ಹಾಕೋ ಮೊದಲು.

ಲಾಕ್‌ವೈರ್:

ಮಾಸ್ತರರು ಪ್ರವೇಶದ ಬಗ್ಗೆ ಹೇಳಿದ್ದಾರೆ. ಕೆಲಸ ಏನು ಅನ್ನೋದೂ ಹುಡುಗನಿಗೆ ಮೊದಲೇ ತಿಳಿದಿರಲಿ. "ಬಿಚ್ಚಿ ಜೋಡಿಸೋದು" ಇದರಲ್ಲಿ ಸಣ್ಣ ಭಾಗ. ಹಾರಾಟದ ಮುಂಚಿನ ಪರೀಕ್ಷೆ, ಎರಡು ಹಾರಾಟದ ನಡುವಿನ ಪರೀಕ್ಷೆ, ಹಾರಾಟ ಮುಗಿದ ಮೇಲಿನ ಪರೀಕ್ಷೆ, ಪ್ರತಿಯೊಂದಕ್ಕೂ ಎಫ್-700ರಲ್ಲಿ (ವಿಮಾನದ ನಿರ್ವಹಣಾ ದಾಖಲೆ) ಸಹಿ. ಟೆಕ್ನಿಷಿಯನ್ ಸಹಿ ಹಾಕದೆ ವಿಮಾನ ಏಳುವುದಿಲ್ಲ. ಸಹಿ ಹಾಕಿದ ಮೇಲೆ ಆ ನಟ್ಟಿಗೆ ಅವನೇ ಹೊಣೆ.

ಟ್ರೇಡ್ (ಕೆಲಸದ ವಿಭಾಗ) ಆಯ್ಕೆ ಅರ್ಜಿಯಲ್ಲಿ ಇರುವುದಿಲ್ಲ. ಏರ್‌ಫ್ರೇಮ್, ಎಂಜಿನ್, ಎಲೆಕ್ಟ್ರಿಕಲ್, ಇನ್‌ಸ್ಟ್ರುಮೆಂಟ್, ರೇಡಿಯೊ, ವೆಪನ್ ಹೀಗೆ ಯಾವುದಾದರೂ ಸಿಗಬಹುದು. ಮೂಲ ತರಬೇತಿಯ ಹೆಸರಾಂತ ಶಾಲೆ ಬೆಳಗಾವಿಯ ಸಾಂಬ್ರಾದಲ್ಲಿದೆ. ಮೆಕ್ಯಾನಿಕಲ್ ಕಡೆಯ ಟ್ರೇಡುಗಳಿಗೆ ತಾಂಬರಂ, ಎಲೆಕ್ಟ್ರಾನಿಕ್ಸ್ ಕಡೆಗೆ ಬೆಂಗಳೂರಿನ ಜಾಲಹಳ್ಳಿ. ಎಂಜಿನ್ನೇ ಬೇಕು ಅಂತ ಹಟ ಹಿಡಿದು ಹೋದವರಿಗೆ ಬೇಸರ ಆಗುತ್ತದೆ.

ಮನೆಯಲ್ಲಿದ್ದಾಗಲೇ ಕೈಗೆ ಕಲಿಸಬಹುದಾದ ಎರಡು ಸಂಗತಿ ಇವೆ. ಒಂದು, ಲಾಕ್‌ವೈರ್, ಅಂದರೆ ಬೋಲ್ಟ್ ಸಡಿಲಾಗದಂತೆ ಹಿಡಿಯುವ ತಂತಿ ಕಟ್ಟುವುದು. ತಂತಿಯ ಎಳೆತ ಬೋಲ್ಟನ್ನು ಬಿಗಿಯಾಗುವ ದಿಕ್ಕಿಗೇ ಎಳೆಯಬೇಕು. ಉಲ್ಟಾ ಕಟ್ಟಿದರೆ ಕಟ್ಟದೇ ಇದ್ದಂತೆಯೇ. 0.8 ಮಿಮೀ ತಂತಿಗೆ ಪ್ರತಿ ಇಂಚಿಗೆ 6ರಿಂದ 8 ಸುತ್ತು. ಜಾಸ್ತಿ ಹುರಿ ಹಾಕಿದರೆ ತಂತಿ ಪೆಡಸಾಗಿ ಕಂಪನಕ್ಕೆ ಮುರಿಯುತ್ತದೆ, ಕಡಿಮೆ ಹಾಕಿದರೆ ಸಡಿಲ. ಇಕ್ಕಳದ ಹಲ್ಲು ಕೂತು ಗಾಯವಾದ ತಂತಿ ಬಿಸಾಡಬೇಕು. ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಬಾರದು. ತುದಿಯನ್ನು ಒಳಕ್ಕೆ ಮಡಚದಿದ್ದರೆ ಮುಂದೆ ಕೈ ಹಾಕುವವನ ಬೆರಳು ಹರಿಯುತ್ತದೆ.

ಇನ್ನೊಂದು, ಟಾರ್ಕ್, ಅಂದರೆ ಬೋಲ್ಟ್ ತಿರುಗಿಸುವ ಬಲದ ಲೆಕ್ಕ. ರೆಂಚಿನ ಉದ್ದ 250 ಮಿಮೀ, ಮುಂದಕ್ಕೆ ನೇರ 50 ಮಿಮೀ ಅಡಾಪ್ಟರ್ ಹಾಕಿದ್ದೀರಿ, ಬೋಲ್ಟಿಗೆ 30 ನ್ಯೂಟನ್ ಮೀಟರ್ ಬೇಕು. ರೆಂಚನ್ನು 30 × 250 ÷ 300, ಅಂದರೆ 25ಕ್ಕೆ ಇಡಬೇಕು. 30ಕ್ಕೇ ಇಟ್ಟರೆ ಬೋಲ್ಟಿನ ಮೇಲೆ 36 ಬೀಳುತ್ತದೆ. ಆಗ ಮುರಿಯದೆ ಎಳೆದುಕೊಂಡು, ಹಾರಾಟದಲ್ಲಿ ಕೈಕೊಡುತ್ತದೆ. ಅದೇ ಅಡಾಪ್ಟರನ್ನು ರೆಂಚಿಗೆ 90 ಡಿಗ್ರಿಯಲ್ಲಿ ಹಾಕಿದರೆ ಲೆಕ್ಕ ಬದಲಾಗುವುದಿಲ್ಲ. ನಿಮ್ಮ ತಮ್ಮ ಓದಿದ ಪಿಯುಸಿ ಫಿಜಿಕ್ಸೇ ಇದು.

ಉಪಕರಣ ಎಣಿಕೆ ಬಗ್ಗೆ ಒಂದು ಮಾತು. ಪ್ರತಿ ಸಲಕರಣೆಗೂ ಬೋರ್ಡಿನ ಮೇಲೆ ಅದರದೇ ಆಕಾರದ ನೆರಳು ಬಿಡಿಸಿರುತ್ತಾರೆ. ಕೆಲಸ ಮುಗಿದಾಗ ಒಂದು ಸ್ಕ್ರೂಡ್ರೈವರ್ ಕಾಣದಿದ್ದರೆ ವಿಮಾನ ಹಾರಾಟಕ್ಕೆ ಹೋಗದು, ಅದು ಸಿಗುವವರೆಗೆ. ಕಾಕ್‌ಪಿಟ್ ನೆಲದಲ್ಲಿ ಉರುಳಿದ ನಟ್ಟು ಕಂಟ್ರೋಲ್ ಕಡ್ಡಿಯ ಬುಡದಲ್ಲಿ ಸಿಕ್ಕಿಕೊಂಡರೆ ಪೈಲಟ್‌ಗೆ ಸ್ಟಿಕ್ ತಿರುಗದು. ಹಾಕ್‌ಗೆ ಇರುವುದು ಒಂದೇ ಎಂಜಿನ್, ಅಡೂರ್. ಅದು ಕಲ್ಲು ನುಂಗಿದರೆ ಇನ್ನೊಂದು ಇಲ್ಲ. ಹಾಗೆಯೇ ಕಂಟ್ರೋಲ್ ಬಿಚ್ಚಿ ಜೋಡಿಸಿದ ಮೇಲೆ ಬೇರೆಯವನೊಬ್ಬ ಸ್ವತಂತ್ರವಾಗಿ ನೋಡಬೇಕು. ಸ್ಟಿಕ್ ಎಡಕ್ಕೆ ಹೋದಾಗ ಎಡ ರೆಕ್ಕೆಯ ಏಲೆರಾನ್ (ಹಿಂದಂಚಿನ ಅಲುಗಾಡುವ ಫಲಕ) ಮೇಲೇಳುತ್ತದೆಯೇ, ಲಾಕ್ ಕೂತಿದೆಯೇ ಎರಡನ್ನೂ. ಮೊದಲಿನವನ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಕಟ್ಟಿದ ಕಣ್ಣಿಗೆ ತನ್ನ ತಪ್ಪು ಕಾಣುವುದಿಲ್ಲ, ಅದಕ್ಕೆ.

ಭಾಲ್ಕಿ_ಓದುಗ:

ಭಾಳ ಉಪಕಾರ ಆತ್ರಿ. ನಾಲ್ಕು ವರ್ಷದ ನಂತರದ್ದು ಯಾರಾದ್ರೂ ಹೇಳ್ರಿ. ಆ ಅನುಭವದ ಮ್ಯಾಲೆ ಏರ್‌ಲೈನ್‌ನ್ಯಾಗ ನೇರ ತೊಗೋತಾರೇನು?

ಶಹಾಪುರ_ಏರೋ:

ನೇರ ಅಂದರೆ ಇಲ್ಲ. ಪ್ರಯಾಣಿಕ ವಿಮಾನ ಹಾರಾಟಕ್ಕೆ ಸಿದ್ಧ ಅಂತ ಸಹಿ ಹಾಕಲು ಡಿಜಿಸಿಎ (ನಾಗರಿಕ ವಿಮಾನಯಾನ ನಿಯಂತ್ರಕ) ಕೊಡುವ ಎಎಂಇ, ಅಂದರೆ ವಿಮಾನ ನಿರ್ವಹಣಾ ಎಂಜಿನಿಯರ್ ಲೈಸೆನ್ಸ್ ಬೇಕು. ವಾಯುಪಡೆ ಅನುಭವಕ್ಕೆ ಬೆಲೆ ಇದೆ, ಆದರೆ ಅದರ ಮೇಲೆ ನಾಗರಿಕ ವಿಮಾನದ ಅನುಭವವನ್ನೂ ತೋರಿಸಬೇಕು. ಮಾಡ್ಯೂಲ್ ಪರೀಕ್ಷೆಗಳನ್ನು ಒಂದೊಂದಾಗಿ 75% ಪಡೆದು ಪಾಸಾಗಬೇಕು. ಬಿ1.1 ಅಂದರೆ ಟರ್ಬೈನ್ ವಿಮಾನದ ಯಾಂತ್ರಿಕ ಭಾಗ, ಬಿ2 ಅಂದರೆ ಏವಿಯಾನಿಕ್ಸ್. ಲೈಸೆನ್ಸ್ ಬಂದ ಮೇಲೂ ಎ320 ಅಥವಾ 737 ಅಂತ ಆಯಾ ಮಾದರಿಯ ರೇಟಿಂಗ್ ಬೇರೆ.

ದುಡ್ಡಿನ ಲೆಕ್ಕ ಹೀಗಿದೆ. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ 9,000 ನಿಧಿಗೆ ಹೋಗಿ 21,000 ಕೈಗೆ. ನಾಲ್ಕನೇ ವರ್ಷ 40,000, ಕೈಗೆ 28,000. ಕೊನೆಗೆ ಸರ್ಕಾರದ ಪಾಲು ಸೇರಿ 10.04 ಲಕ್ಷ, ಜೊತೆಗೆ ಬಡ್ಡಿ. ಪಿಂಚಣಿ, ಗ್ರಾಚ್ಯುಟಿ ಇಲ್ಲ. ತಂಡದಲ್ಲಿ 25%ವರೆಗೆ ಮುಂದುವರಿಸುತ್ತಾರೆ. ಉಳಿದವರಿಗೆ ಈ ಹಣ ಎಎಂಇ ಓದಿಗೆ ಬಂಡವಾಳ. ಮನೆ ಕಟ್ಟಲು ಖರ್ಚಾಗದಿರಲಿ ಅಂತ ಹೆತ್ತವರಿಗೆ ಮೊದಲೇ ಹೇಳಿ. ಸೇವೆಯಲ್ಲಿ ಇರುವಾಗಲೇ ಮಾಡಿದ ಕೆಲಸದ ಬಗ್ಗೆ ಘಟಕದಿಂದ ಅಧಿಕೃತ ಪ್ರಮಾಣಪತ್ರ ಕೇಳಿ ಪಡೆಯಬೇಕು. ದಾಖಲೆ ಪುಟಗಳ ಫೋಟೋ ಮೊಬೈಲಿನಲ್ಲಿ ತೆಗೆಯುವ ದಾರಿ ಬೇಡವೇ ಬೇಡ, ಕೆಲಸಕ್ಕೇ ಕುತ್ತು.

ನೇರ ಎಎಂಇ ಓದುವುದಾದರೆ ಸಂಸ್ಥೆಗೆ ಸಿಎಆರ್-147 (ತರಬೇತಿ ಸಂಸ್ಥೆಗಳಿಗೆ ಡಿಜಿಸಿಎ ನಿಯಮ) ಅನುಮೋದನೆ ಇದೆಯೇ, ಯಾವ ವರ್ಗಕ್ಕೆ ಅಂತ ಡಿಜಿಸಿಎ ಜಾಲತಾಣದಲ್ಲೇ ನೋಡಿ. ಕರಪತ್ರ ನೋಡಿ ಶುಲ್ಕ ಕಟ್ಟಬೇಡಿ. ಅನುಮೋದಿತ ಕೋರ್ಸ್ ಓದಿದವರಿಗೆ ಬಿ1.1ಕ್ಕೆ 2 ವರ್ಷದ ಅನುಭವ ಸಾಕು. ತಾಂತ್ರಿಕ ತರಬೇತಿ ಏನೂ ಇಲ್ಲದವರಿಗೆ 5 ವರ್ಷ ಬೇಕು.

ಇನ್ನೊಂದು ಬಾಗಿಲು ಇದೆ: ಬಿಇ ಮುಗಿಸಿ ಎಎಫ್‌ಕ್ಯಾಟ್ (ವಾಯುಪಡೆ ಅಧಿಕಾರಿಗಳ ಪ್ರವೇಶ ಪರೀಕ್ಷೆ) ಬರೆದು ತಾಂತ್ರಿಕ ಅಧಿಕಾರಿ. ಬಿಇಯಲ್ಲಿ 60%, ಪಿಯುಸಿ ಫಿಜಿಕ್ಸ್ ಮತ್ತು ಮ್ಯಾಥ್ಸ್ ಎರಡರಲ್ಲೂ 50% ಬೇಕು, ವಯಸ್ಸು 20ರಿಂದ 26. ನಿಮ್ಮ ತಮ್ಮನ ಫಿಜಿಕ್ಸ್ 52 ಇರುವುದರಿಂದ ಈ ಬಾಗಿಲು ತೆರೆದೇ ಇದೆ. ತರಬೇತಿ ಜಾಲಹಳ್ಳಿಯ ಏರ್‌ಫೋರ್ಸ್ ಟೆಕ್ನಿಕಲ್ ಕಾಲೇಜಿನಲ್ಲಿ.

ಭಾಲ್ಕಿ_ಓದುಗ:

ತಿಳೀತ್ರಿ, ಅಧಿಸೂಚನೆ ಬಂದ ಕೂಡಲೇ ಅರ್ಜಿ ಹಾಕ್ತೀವಿ. ಲಾಕ್‌ವೈರ್ ಅಭ್ಯಾಸಕ್ಕ ತಂತಿ ಎಲ್ಲಿ ಸಿಗ್ತದ?

ಲಾಕ್‌ವೈರ್:

ಹಾರ್ಡ್‌ವೇರ್ ಅಂಗಡಿಯಲ್ಲಿ 0.8 ಮಿಮೀ ಸ್ಟೇನ್‌ಲೆಸ್ ಸ್ಟೀಲ್ ತಂತಿ ಕೇಳಿ, ಜಿಐ ತಂತಿ ಬೇಡ. ಮರದ ಹಲಗೆಗೆ ಎರಡು ಬೋಲ್ಟ್ ಕೂರಿಸಿ, ತಲೆಗೆ 1.5 ಮಿಮೀ ತೂತು ಕೊರೆಸಿ. ಮೊದಲು ಕೈಯಲ್ಲೇ ಹುರಿ ಹಾಕಲಿ. ತಂತಿ ತಿರುಗಿಸುವ ವಿಶೇಷ ಇಕ್ಕಳ ಆಮೇಲೆ.