ಬೆತ್ತ ಬಿಟ್ಟ ಕೈ ಏನು ಹಿಡಿಯಬೇಕು: ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಕಳೆದ ಭಾನುವಾರ ದೊಡ್ಡಪ್ಪ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಶಾಲಾ ಶಿಸ್ತಿನ ಕುರಿತ ಒಂದು ಬರಹವನ್ನು ಕಳಿಸಿದರು. ಅದರ ಮೇಲೆ ನಡೆದ ಮಾತುಕತೆಯನ್ನು ಎಲ್ಲರ ಒಪ್ಪಿಗೆ ಪಡೆದು ಇಲ್ಲಿ ಕೊಡುತ್ತಿದ್ದೇನೆ. ದೊಡ್ಡಪ್ಪ ನಿವೃತ್ತ ಮುಖ್ಯೋಪಾಧ್ಯಾಯರು. ನಾನು ಪ್ರೌಢಶಾಲೆಯ ಶಿಕ್ಷಕಿ; ತಪ್ಪು ಮಾಡಿದ ಮಕ್ಕಳನ್ನು ದಂಡಿಸುವ ಬದಲು, ನೊಂದವರೊಂದಿಗೆ ಕೂರಿಸಿ ಮಾತನಾಡಿಸಿ ತಪ್ಪನ್ನು ಸರಿಪಡಿಸುವಂತೆ ಮಾಡುವ ಪದ್ಧತಿಯ ಪರ ಇರುವವಳು.

ದೊಡ್ಡಪ್ಪ: ಮೇಲಿನ ಬರಹವನ್ನು ಎಲ್ಲರೂ ಓದಿ. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಶಾಲೆಗಳಲ್ಲಿ, ತಪ್ಪು ಮಾಡಿದ ಮಕ್ಕಳನ್ನು ಕೆಲವು ದಿನ ಶಾಲೆಯಿಂದ ಹೊರಗಿಡುವ ಬದಲು, ಸುತ್ತ ಕೂರಿಸಿಕೊಂಡು ಮಾತನಾಡಿಸುವ ಪದ್ಧತಿ ತಂದರಂತೆ. ಎರಡು ವರ್ಷದ ನಂತರ ನೋಡಿದರೆ 6ರಿಂದ 8ನೇ ತರಗತಿಯ ಮಕ್ಕಳ ಕಲಿಕೆ ಕುಸಿದಿತ್ತು. 35 ವರ್ಷ ಪಾಠ ಮಾಡಿದ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ‘ಛಡಿ ಛಂ ಛಂ, ವಿದ್ಯೆ ಘಂ ಘಂ’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಅತ್ತೆ: ಅಣ್ಣ, ಛಡಿಯಿಂದ ವಿದ್ಯೆ ಬಂದವರ ಹೆಸರು ನಿಮಗೆ ನೆನಪಿದೆ. ಛಡಿಗೆ ಹೆದರಿ ಶಾಲೆ ಬಿಟ್ಟು ದನ ಕಾಯಲು ಹೋದವರ ಲೆಕ್ಕವನ್ನು ಯಾರು ಇಟ್ಟಿದ್ದಾರೆ?

ನಾನು: ದೊಡ್ಡಪ್ಪ, ಆ ಅಧ್ಯಯನವನ್ನು ನಾನೂ ಓದಿದ್ದೇನೆ. ರ‍್ಯಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ ಅದನ್ನು 2018ರಲ್ಲಿ ಪ್ರಕಟಿಸಿತು. 2015ರಿಂದ 2017ರವರೆಗೆ, 44 ಶಾಲೆಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾತ್ರ ಈ ಪದ್ಧತಿಯನ್ನು ಕೊಟ್ಟು ನಡೆಸಿದ ಪರೀಕ್ಷೆ ಅದು. ನೀವು ಹೇಳಿದ ಅಂಶ ನಿಜ, ಅದನ್ನು ಮುಚ್ಚಿಡಬಾರದು. ಆದರೆ ನಿಮಗೆ ಬಂದ ಬರಹ ಒಂದು ಸಂಗತಿಯನ್ನು ಬಿಟ್ಟಿದೆ. ಒಟ್ಟಾರೆಯಾಗಿ ಮಕ್ಕಳನ್ನು ಹೊರಗಿಡುವುದು ಕಡಿಮೆಯಾಯಿತು, ಕಪ್ಪು ಮಕ್ಕಳಿಗೂ ಬಿಳಿಯ ಮಕ್ಕಳಿಗೂ ನಡುವೆ ಆ ಶಿಕ್ಷೆಯಲ್ಲಿದ್ದ ಅಂತರ ತಗ್ಗಿತು, ಶಾಲೆಯ ವಾತಾವರಣ ಸುಧಾರಿಸಿದೆ ಎಂದು ಶಿಕ್ಷಕರು ಹೇಳಿದರು. 6ರಿಂದ 8ನೇ ತರಗತಿಗಳಲ್ಲಿ ಮಾತ್ರ ಹೊರಗಿಡುವ ಶಿಕ್ಷೆ ಕಡಿಮೆಯಾಗಲೇ ಇಲ್ಲ. ಶಿಕ್ಷೆ ಸಡಿಲವಾಗಿದ್ದರಿಂದಲೇ ಕಲಿಕೆ ಕುಸಿಯಿತು ಎನ್ನುವುದಾದರೆ, ಶಿಕ್ಷೆ ಸಡಿಲವಾಗದ ತರಗತಿಗಳಲ್ಲಿ ಅದು ಕುಸಿದದ್ದು ಹೇಗೆ?

ದೊಡ್ಡಪ್ಪ: ಒಪ್ಪುವ ಮಾತು. ಆದರೆ ಅದು ನಿನ್ನ ವಾದಕ್ಕೂ ಬಲ ಕೊಡುವುದಿಲ್ಲ, ಮಗಳೇ. ಮೀಸೆ ಚಿಗುರುವ ವಯಸ್ಸಿನಲ್ಲೇ ಹುಡುಗರು ಕೈ ಮೀರುವುದು. ಆ ವಯಸ್ಸಿನಲ್ಲೇ ನಿನ್ನ ಪದ್ಧತಿ ನಡೆಯಲಿಲ್ಲವೆಂದರೆ ಅದನ್ನು ಇಟ್ಟುಕೊಂಡು ಏನು ಮಾಡುವುದು?

ನಾನು: ಜಗಳವಾದ ಮೇಲೆ ಕೂರಿಸಿ ಮಾತನಾಡಿಸುವುದು ಕೊನೆಯ ಮೆಟ್ಟಿಲು. ಕೋಪ ಬಂದಾಗ ‘ನನಗೆ ಕೋಪ ಬಂದಿದೆ’ ಎಂದು ಹೇಳಲು ಬಾರದ ಹುಡುಗನನ್ನು ನೇರವಾಗಿ ಆ ಮೆಟ್ಟಿಲಿಗೆ ತಂದು ನಿಲ್ಲಿಸಿದರೆ ಅವನು ತಲೆ ತಗ್ಗಿಸಿ ‘ಸಾರಿ ಮಿಸ್’ ಎನ್ನುತ್ತಾನೆ, ಅಷ್ಟೇ. ತನ್ನ ಮನಸ್ಸನ್ನು ಗುರುತಿಸಿಕೊಳ್ಳುವುದು, ಎದುರಿನವರ ಮುಖ ನೋಡಿ ಅವರಿಗೇನಾಗುತ್ತಿದೆ ಎಂದು ಊಹಿಸುವುದು, ಇವನ್ನೆಲ್ಲ ಮಗ್ಗಿಯಂತೆ ದಿನವೂ ಕಲಿಸಬೇಕಾಗುತ್ತದೆ. ಇಂಥ ಕಲಿಕೆಯ 213 ಕಾರ್ಯಕ್ರಮಗಳನ್ನು, ಸುಮಾರು 2.7 ಲಕ್ಷ ಮಕ್ಕಳನ್ನು ಒಟ್ಟುಗೂಡಿಸಿ ನೋಡಿದ 2011ರ ಒಂದು ಅಧ್ಯಯನದ ಪ್ರಕಾರ ಅದು ಓದಿಗೂ ನೆರವಾಗುತ್ತದೆ: ನೂರು ಮಕ್ಕಳ ಸಾಲಿನ ನಡುವೆ ನಿಂತ ಮಗು ಸುಮಾರು 11 ಸ್ಥಾನ ಮುಂದೆ ಹೋಗುತ್ತದೆ.

ಅತ್ತೆ: ನನ್ನ ಅನುಮಾನ ಬೇರೆ. ಪೆಟ್ಟು ತಿಂದ ಮಗುವನ್ನು ಹೊಡೆದವನ ಎದುರಿಗೆ ಕೂರಿಸಿ ‘ಹೋಗಲಿ ಬಿಡು, ಕ್ಷಮಿಸು’ ಎನ್ನುವುದು ನ್ಯಾಯವೇ? ಹೆಣ್ಣುಮಕ್ಕಳಿಗೆ ಆ ಮಾತನ್ನು ಮನೆಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದನ್ನೇ ಶಾಲೆಯಲ್ಲಿಯೂ ಪಾಠವಾಗಿ ಕಲಿಸುವುದಾದರೆ ನನಗೆ ಒಪ್ಪಿಗೆಯಿಲ್ಲ.

ನಾನು: ಅತ್ತೆ, ಕ್ಷಮಿಸು ಎಂದು ಯಾರಾದರೂ ಒತ್ತಾಯಿಸಿದರೆ ಅದು ಈ ಪದ್ಧತಿಯೇ ಅಲ್ಲ. ಹೋದ ವರ್ಷ ನನ್ನ ತರಗತಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಒಬ್ಬ ಹುಡುಗ ಕೈವಾರದ ಮೊನೆಯಿಂದ ಒಬ್ಬ ಹುಡುಗಿಯ ಸೈಕಲ್ಲಿನ ಎರಡೂ ಟಯರುಗಳನ್ನು ಚುಚ್ಚಿದ. ಅವನು ನಕಲು ಮಾಡಿದ್ದನ್ನು ಅವಳು ನನಗೆ ಹೇಳಿದ್ದಳೆಂಬ ಸಿಟ್ಟು. ಬಸ್ಕಿ ಹೊಡೆಸಿ ದಂಡ ಕಟ್ಟಿಸಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ನಾನು ಮೊದಲು ಅವಳೊಬ್ಬಳನ್ನೇ ಕರೆದು, ಅವನೊಂದಿಗೆ ಕುಳಿತು ಮಾತನಾಡಲು ಇಷ್ಟವಿದೆಯೇ ಎಂದು ಕೇಳಿದೆ. ಇಲ್ಲ ಎಂದಳು. ಅಲ್ಲಿಗೇ ಬಿಟ್ಟೆ. ಎರಡು ದಿನದ ಮೇಲೆ ಅವಳೇ ಬಂದು, ‘ಮಿಸ್, ನಾನು ಅವನಿಗೆ ಒಂದು ಮಾತು ಹೇಳಬೇಕು’ ಎಂದಳು. ವಿಜ್ಞಾನದ ಕೊಠಡಿಯಲ್ಲಿ ಚಾಪೆ ಹಾಸಿ ಐದು ಜನ ಕುಳಿತೆವು. ಡಸ್ಟರ್ ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತನಾಡಬೇಕು ಎಂಬುದು ನಿಯಮ. ಏನಾಯಿತು, ಆಗ ಮನಸ್ಸಿನಲ್ಲಿ ಏನಿತ್ತು, ಇದರಿಂದ ಯಾರಿಗೆ ಏನಾಯಿತು, ಸರಿಪಡಿಸಲು ಏನು ಮಾಡಬೇಕು ಎಂಬ ನಾಲ್ಕೇ ಪ್ರಶ್ನೆಗಳು. ಅವಳು ಡಸ್ಟರನ್ನು ಉಗುರಿನಿಂದ ಕೆರೆಯುತ್ತ, ಅವನ ಮುಖ ನೋಡದೆ, ‘ನಾಲ್ಕು ಕಿಲೋಮೀಟರ್ ತಳ್ಳಿಕೊಂಡು ಹೋದೆ, ಮನೆ ಸೇರುವಾಗ ಕತ್ತಲಾಗಿತ್ತು, ಅಮ್ಮ ಅವತ್ತಿನಿಂದ ಶಾಲೆ ಬಿಡಿಸುವ ಮಾತಾಡುತ್ತಿದ್ದಾಳೆ’ ಎಂದಳು. ಅದುವರೆಗೆ ಕಾಲು ಅಲುಗಾಡಿಸುತ್ತಿದ್ದ ಹುಡುಗ ಕಾಲು ನಿಲ್ಲಿಸಿದ. ಅವನ ಲೆಕ್ಕದಲ್ಲಿ ಅವನು ಚುಚ್ಚಿದ್ದು ಟಯರನ್ನು ಮಾತ್ರ. ಪಂಕ್ಚರ್ ಹಾಕಿಸುತ್ತೇನೆ ಎಂದ. ಅದು ಸಾಲದು, ನಮ್ಮಮ್ಮನಿಗೆ ಬಂದು ಹೇಳು ಎಂದಳು. ಆ ವಾರ ಅವನು ಅಪ್ಪನ ಜೊತೆ ಅವಳ ಮನೆಗೆ ಹೋಗಿ, ತಪ್ಪು ನನ್ನದು ಎಂದು ಹೇಳಿ ಬಂದ. ಅವಳು ಅವನನ್ನು ಕ್ಷಮಿಸಿದಳೋ ಇಲ್ಲವೋ ನಾನು ಕೇಳಿಲ್ಲ. ಈಗಲೂ ಅವರಿಬ್ಬರು ಮಾತನಾಡುವುದಿಲ್ಲ. ಆದರೆ ಅವಳು ಶಾಲೆಗೆ ಬರುತ್ತಿದ್ದಾಳೆ.

ಅತ್ತೆ: ಅವಳು ಇಲ್ಲವೆಂದಾಗ ನೀನು ಬಿಟ್ಟೆಯಲ್ಲ, ಅದು ನನಗೆ ಹಿಡಿಸಿತು. ಎಲ್ಲ ಶಿಕ್ಷಕರೂ ಹಾಗೆ ಬಿಡುತ್ತಾರೆಂದು ನಂಬಲಾರೆ.

ದೊಡ್ಡಪ್ಪ: ಬಸ್ಕಿಗಿಂತ ಅದು ಕಠಿಣ ಎಂಬುದನ್ನು ಒಪ್ಪುತ್ತೇನೆ. ಪರರ ಮನೆ ಬಾಗಿಲಿಗೆ ಹೋಗಿ ತಪ್ಪೊಪ್ಪಿಕೊಳ್ಳುವುದು ಹುಡುಗಾಟವಲ್ಲ.

ನಾನು: ಇದರ ಬೇರು ಅಲ್ಲಿಯೇ ಇದೆ, ದೊಡ್ಡಪ್ಪ. 1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಊರಿನಲ್ಲಿ ಇಬ್ಬರು ತರುಣರು ಒಂದೇ ರಾತ್ರಿ 22 ಕಡೆ ಜನರ ಆಸ್ತಿಪಾಸ್ತಿಗಳನ್ನು ಹಾಳುಗೆಡವಿದ್ದರು. ಅವರನ್ನು ನೊಂದವರ ಮನೆ ಮನೆಗೆ ಕಳಿಸಿ, ಮುಖಾಮುಖಿಯಾಗಿ ಮಾತನಾಡಿಸಿ, ನಷ್ಟ ತುಂಬಿಕೊಡುವಂತೆ ಮಾಡಿದರು. ಅದರಿಂದ ಬೆಳೆದ ವಿಚಾರ ಮುಂದೆ ಶಾಲೆಗಳಿಗೂ ಬಂತು. ಇದನ್ನು ಯಾರಾದರೂ ಮಕ್ಕಳನ್ನು ಮುದ್ದು ಮಾಡುವುದು ಎಂದು ಕರೆದಾಗ ನನಗೆ ನಿಜವಾಗಿ ನೋವಾಗುತ್ತದೆ. ಬೆತ್ತದ ಏಟು ತಿಂದವನ ಗಮನವೆಲ್ಲ ತನ್ನ ಅಂಗೈಯ ಉರಿಯ ಮೇಲಿರುತ್ತದೆ. ತಾನು ಯಾರಿಗೆ ಏನು ಮಾಡಿದೆ ಎಂಬ ಕಡೆಗೆ ಅದು ಹೊರಳುವುದೇ ಇಲ್ಲ.

ದೊಡ್ಡಪ್ಪ: ಸರಿ, ಕೊನೆಯ ಪ್ರಶ್ನೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ 2010ರಿಂದ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕೈಯಿಂದ ಬೆತ್ತ ಕಿತ್ತುಕೊಂಡರು, ಬೇರೇನನ್ನೂ ಕೊಡಲಿಲ್ಲ. 60 ಮಕ್ಕಳು, 40 ನಿಮಿಷದ ಪೀರಿಯಡ್, ಮೇಲೆ ಸಮೀಕ್ಷೆ, ಮೇಲೆ ಬಿಸಿಯೂಟದ ಲೆಕ್ಕ. ಚಾಪೆ ಹಾಸಿ ಕೂರಲು ಶಿಕ್ಷಕರಿಗೆ ಹೊತ್ತೆಲ್ಲಿದೆ?

ನಾನು: ಇಲ್ಲ. ಆ ದಿನ ನಾನು ಊಟದ ವಿರಾಮವನ್ನೂ ಸಂಜೆಯ ಬಸ್ಸನ್ನೂ ಬಿಟ್ಟು ಕುಳಿತಿದ್ದೆ. ಪ್ರತಿಬಾರಿಯೂ ಹಾಗೆ ಮಾಡಲಾರೆ, ಎಲ್ಲ ಶಿಕ್ಷಕರಿಂದಲೂ ಅದನ್ನು ನಿರೀಕ್ಷಿಸುವುದು ಅನ್ಯಾಯ. ವಾರಕ್ಕೆ ಒಂದು ಪೀರಿಯಡ್ಡನ್ನು ವೇಳಾಪಟ್ಟಿಯಲ್ಲಿಯೇ ಇದಕ್ಕಾಗಿ ಬರೆಸಬೇಕು, ತರಬೇತಿ ಒಂದು ದಿನದ ಭಾಷಣವಾಗದೆ ವರ್ಷವಿಡೀ ನಡೆಯಬೇಕು ಎಂದು ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೇಳಲಿದ್ದೇನೆ.

ದೊಡ್ಡಪ್ಪ: ಬರಿಯ ಬಾಯಿಮಾತಿನಲ್ಲಿ ಕೇಳಬೇಡ, ಅರ್ಜಿ ಬರೆದುಕೊಂಡು ಹೋಗು. ಕರಡನ್ನು ನನಗೆ ಕಳಿಸು. ಬೆತ್ತದ ವಿಷಯದಲ್ಲಿ ನಾನಿನ್ನೂ ಪೂರ್ತಿ ನಿನ್ನ ಪಕ್ಷವಲ್ಲ, ಆದರೆ ಆ ಪೀರಿಯಡ್ ಸಿಗಲೇಬೇಕು.